ಮಕ್ಕಳ ಪುಸ್ತಕ ಬರೆಯುವವರಿಗೆ, ಚಿತ್ರಿಸುವವರಿಗೆ ಯಾವ ಕಮ್ಮಟ? ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೊಂದು ಹೋಲಿಕೆ

ಕಳೆದ ಮಳೆಗಾಲದಿಂದೀಚೆಗೆ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. ಮೊದಲನೆಯವರು ಡೊಂಬಿವಲಿಯ ಬ್ಯಾಂಕ್ ನೌಕರರು. ನಿವೃತ್ತಿಗೆ ಇನ್ನೆರಡು ವರ್ಷವಿರುವ ಅವರ ಬಳಿ, ಮೊಮ್ಮಗಳಿಗೆ ಹೇಳಿ ಹೇಳಿ ಪಳಗಿದ ಹನ್ನೆರಡು ಕಥೆಗಳು ಒಂದು ಉದ್ದನೆಯ ನೋಟುಪುಸ್ತಕದಲ್ಲಿವೆ. ಎರಡನೆಯವರು ಧಾರವಾಡದಲ್ಲಿ ಚಿತ್ರಕಲೆ ಕಲಿತು, ಪುಣೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ದುಡಿಯುತ್ತಿರುವ ಕಲಾವಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ನಗುವ ಮಕ್ಕಳನ್ನು ಬರೆದು ಬೇಸತ್ತಿರುವ ಅವರಿಗೆ ಈಗ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಆಸೆ. ಮೂರನೆಯವರು ವಾಸ್ಕೊದ ಕನ್ನಡ ಶಾಲೆಯ ಶಿಕ್ಷಕಿ. ತರಗತಿಯಲ್ಲಿ ನಿಂತ ನಿಲುವಿನಲ್ಲೇ ಕಥೆ ಕಟ್ಟುತ್ತಾರೆ, ಆದರೆ ಒಂದನ್ನೂ ಕಾಗದಕ್ಕೆ ಇಳಿಸಿದವರಲ್ಲ. ಯಾವ ಕಮ್ಮಟಕ್ಕೆ ಸೇರಲಿ ಎಂದು ಕೇಳಿದ ಈ ಮೂವರಿಗೂ ಒಂದೇ ಉತ್ತರ ಕೊಟ್ಟಿದ್ದರೆ ಇಬ್ಬರ ಹಣವಾದರೂ ದಂಡವಾಗುತ್ತಿತ್ತು. ಆದ್ದರಿಂದ ಮೊದಲು ಅಳತೆಗೋಲುಗಳನ್ನು ಹೇಳಿ, ಆಮೇಲೆ ಒಂದೊಂದೇ ಆಯ್ಕೆಯನ್ನು ಅವುಗಳ ಪಕ್ಕದಲ್ಲಿಟ್ಟು ನೋಡುತ್ತೇನೆ.

ಅಳೆಯುವುದು ಹೇಗೆ

ನಾನು ಮೊದಲ ಬಾರಿ ಹಣ ಕಟ್ಟಿ ಹೋದದ್ದು ಉಪನಗರದ ಹೋಟೆಲೊಂದರ ಸಭಾಂಗಣದಲ್ಲಿ ನಡೆದ ಎರಡು ದಿನಗಳ ಕಾರ್ಯಾಗಾರಕ್ಕೆ. ಉದ್ಘಾಟನೆ ಆಯಿತು, ಶಾಲು ಹೊದಿಸಿದ್ದಾಯಿತು, ಮಕ್ಕಳ ಮನಸ್ಸಿನ ಬಗ್ಗೆ ಸೊಗಸಾದ ಉಪನ್ಯಾಸಗಳೂ ಆದವು. ನನ್ನ ಹಸ್ತಪ್ರತಿಯ ಬಗ್ಗೆ ನಡೆದ ಮಾತು ಮಾತ್ರ ನಾಲ್ಕು ನಿಮಿಷದ್ದು, ಅದರಲ್ಲೂ ಒಂದು ನಿಮಿಷ ನನ್ನ ಮನೆತನದ ಹೆಸರಿನ ಉಚ್ಚಾರಣೆಗೆ ಹೋಯಿತು. ಅಂದಿನಿಂದ ನನ್ನ ಮೊದಲ ಅಳತೆಗೋಲು ಇದೇ ಆಗಿದೆ: ನನ್ನ ಸ್ವಂತ ಪುಟಗಳು ಮೇಜಿನ ಮೇಲೆ ಎಷ್ಟು ಹೊತ್ತು ಇರುತ್ತವೆ? ಲೆಕ್ಕ ಸುಲಭವಾಗಿದೆ. ಎರಡು ದಿನಗಳಲ್ಲಿ ಊಟ, ಚಹಾ, ಸಮಾರಂಭಗಳನ್ನು ಕಳೆದು ಎಂಟು ಗಂಟೆ ಉಳಿಯಿತು ಎಂದುಕೊಳ್ಳೋಣ. ನಲವತ್ತು ಜನರಿದ್ದರೆ, ಒಂದೇ ಒಂದು ಉಪನ್ಯಾಸವೂ ಇಲ್ಲದಿದ್ದರೂ, ತಲೆಗೆ ಹನ್ನೆರಡು ನಿಮಿಷ. ಹನ್ನೆರಡು ಜನರಿದ್ದರೆ ನಲವತ್ತು ನಿಮಿಷ. ಶುಲ್ಕವನ್ನು ಈ ನಿಮಿಷಗಳಿಂದ ಭಾಗಿಸಿ ನೋಡಿದರೆ, ಅಗ್ಗವೆನಿಸಿದ್ದು ದುಬಾರಿಯಾಗುವುದೂ ದುಬಾರಿಯೆನಿಸಿದ್ದು ಸರಿಯೆನಿಸುವುದೂ ಉಂಟು.

ಎರಡನೆಯ ಅಳತೆಗೋಲು ಭಾಷೆ. ಚಿತ್ರಕಾರರಿಗೆ ಇದು ಅಷ್ಟಾಗಿ ತೊಡಕಲ್ಲ, ಬರೆಯುವವರಿಗೆ ಮಾತ್ರ ಪ್ರಾಣದ ಪ್ರಶ್ನೆ. ‘ಸರಸರ ಹತ್ತಿದ, ಜರ್ರನೆ ಜಾರಿದ’ ಎಂಬ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಓದಿದರೆ ಒಬ್ಬ ಹುಡುಗ ಹತ್ತಿ ಇಳಿದ ಸುದ್ದಿಯಷ್ಟೇ ಉಳಿಯುತ್ತದೆ. ಆ ಸುದ್ದಿಯ ಮೇಲೆ ಬಂದ ಟೀಕೆಯಿಂದ ಕನ್ನಡದ ಸಾಲು ತಿದ್ದಿಕೊಳ್ಳುವುದು ಸಾಧ್ಯವಿಲ್ಲ. ನಮ್ಮ ಊರುಗಳ ಕನ್ನಡಕ್ಕೆ ಇನ್ನೊಂದು ಸುಳಿಯೂ ಇದೆ. ಮುಂಬಯಿಯ ಕನ್ನಡ ಮಕ್ಕಳಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ, ಬೀದಿಯ ಮಾತು ಹಿಂದಿ, ಮರಾಠಿ. ಗೋವಾದ ಕನ್ನಡ ಶಾಲೆಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಮಾತು ಹೆಚ್ಚು. ನಿಮ್ಮ ಓದುಗ ಯಾರು ಎಂಬುದನ್ನು ಬಲ್ಲವರು ಕಮ್ಮಟದಲ್ಲಿ ಒಬ್ಬರಾದರೂ ಇರಬೇಕು. ಇಲ್ಲವಾದರೆ ನಿಮ್ಮ ‘ಹೌದಲ್ಲೋ’ವನ್ನು ಹಳೆ ಮೈಸೂರಿನ ‘ಹೌದು ಕಣೋ’ ಮಾಡಿ, ತಿದ್ದಿದೆವೆಂಬ ಸಮಾಧಾನದಲ್ಲಿ ಕಳುಹಿಸಿಕೊಡುತ್ತಾರೆ.

ಮೂರನೆಯದು, ಮಾತು ಮತ್ತು ಚಿತ್ರ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುತ್ತಾರೆಯೇ ಎಂಬುದು. ಮಾಟುಂಗದ ಮನೆಯೊಂದರಲ್ಲಿ ಐದಾರು ಜನ ಸೇರಿದ್ದಾಗ ಹಿರಿಯ ಚಿತ್ರಕಾರರೊಬ್ಬರು ನನ್ನ ಮಾದರಿ ಪುಸ್ತಕವನ್ನು ಕೈಗೆತ್ತಿಕೊಂಡರು. ಎಡಪುಟದಲ್ಲಿ ಚಾಳಿನ ಮೂರನೆಯ ಮಹಡಿಯ ಕಿಟಕಿ, ಬಲಪುಟದಲ್ಲಿ ಒಣಹಾಕಿದ ಸೀರೆಯ ಮೇಲೆ ಹಾರುತ್ತಿರುವ ಬೆಕ್ಕು. ಕೆಳಗೆ ನಾನು ‘ಬೆಕ್ಕು ಕಿಟಕಿಯಿಂದ ಸೀರೆಯ ಮೇಲೆ ಹಾರಿತು’ ಎಂದು ಬರೆದಿದ್ದೆ. ಅವರು ಆ ಸಾಲಿನ ಮೇಲೆ ಹೆಬ್ಬೆರಳನ್ನಿಟ್ಟು ಮುಚ್ಚಿ, ಪುಟವನ್ನು ಎಲ್ಲರಿಗೂ ತೋರಿಸಿ, “ಈಗ ಏನು ಕಳೆದುಹೋಯಿತು?” ಎಂದು ಕೇಳಿದರು. ಏನೂ ಕಳೆದಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಚಿತ್ರ ಹೇಳಲಾಗದ ಮಾತು, ಅಂದರೆ ಆ ಸೀರೆ ಯಾರದ್ದು, ಅವರಿಗೆ ಬೆಕ್ಕೆಂದರೆ ಎಷ್ಟು ಕೋಪ ಎಂಬುದು. ಬರೀ ಬರಹಗಾರರು ಸೇರಿದ ಕಮ್ಮಟದಲ್ಲಿ ಈ ಹೆಬ್ಬೆರಳು ಸಿಗುವುದು ಕಷ್ಟ.

ಇನ್ನುಳಿದ ಎರಡನ್ನು ಬೇಗ ಹೇಳಿಬಿಡುತ್ತೇನೆ. ವೆಚ್ಚವೆಂದರೆ ಶುಲ್ಕ ಮಾತ್ರವಲ್ಲ. ಪ್ರಯಾಣ, ತಂಗುವಿಕೆ, ಕಾಗದ ಬಣ್ಣ, ಕಳೆದುಕೊಂಡ ರಜೆ ಎಲ್ಲವೂ ಸೇರಿದ ಮೊತ್ತ. ಪುಣೆಯವರು ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು ಮುಂಬಯಿಗೆ ಬಂದು ಅದೇ ಗಾಡಿಯಲ್ಲಿ ಸಂಜೆ ಮನೆ ಸೇರಬಹುದು. ಮಡಗಾಂವಿನಿಂದ ಕೊಂಕಣ ಕನ್ಯಾ ಹತ್ತುವವರಿಗೆ ಒಂದು ದಿನದ ಕಮ್ಮಟ ಎರಡು ರಾತ್ರಿಗಳ ಪ್ರಯಾಣವಾಗುತ್ತದೆ. ಕೊನೆಯದು, ಹಿಂದಿರುಗುವಾಗ ಕೈಯಲ್ಲಿ ಏನಿರುತ್ತದೆ ಎಂಬುದು: ತಿದ್ದಿದ ಪ್ರತಿಯೋ, ಮಾದರಿ ಪುಸ್ತಕವೋ, ಓದಿ ಉತ್ತರಿಸುವ ಸಂಪಾದಕರ ಪರಿಚಯವೋ, ಅಥವಾ ಚೌಕಟ್ಟು ಹಾಕಿಸಬೇಕಾದ ಪ್ರಮಾಣಪತ್ರವೋ.

ಕನ್ನಡ ಸಂಘಗಳ ಕಮ್ಮಟಗಳು

ಮುಂಬಯಿಯಲ್ಲಿ ಕನ್ನಡದ ಸಾಹಿತ್ಯ ಸಭೆಗಳಿಗೆ ಬರವಿಲ್ಲ. ಮಾಹಿಮ್‌ನ ಕರ್ನಾಟಕ ಸಂಘ, ಮಾಟುಂಗದ ಮೈಸೂರು ಅಸೋಸಿಯೇಷನ್, ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆಲ್ಲ ಲೋಕಲ್ ಗಾಡಿಯ ಅಳವಿನಲ್ಲಿಯೇ ಇವೆ. ಪುಣೆಯವರಿಗೆ ಎರಂಡವಣೆಯ ಕನ್ನಡ ಸಂಘವಿದೆ. ಇಂಥ ಕಡೆಗಳಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಶುಲ್ಕದ ಭಾರವಿಲ್ಲ, ಭಾಷೆಯ ಅಡ್ಡಿಯಿಲ್ಲ, ರಜೆ ಹಾಕಬೇಕಾಗಿಲ್ಲ. ಮೊದಲ ಬಾರಿ ನಾಲ್ಕು ಜನರೆದುರು ತನ್ನ ಬರಹವನ್ನು ಗಟ್ಟಿಯಾಗಿ ಓದುವವನಿಗೆ ಇದಕ್ಕಿಂತ ಒಳ್ಳೆಯ ಅಂಗಳ ಬೇರೆ ಇಲ್ಲ. ತೊದಲಿದ ಕಡೆ ವಾಕ್ಯ ಉದ್ದವಾಗಿದೆ ಎಂಬುದು ಓದುವಾಗಲೇ ಗೊತ್ತಾಗುತ್ತದೆ, ಯಾರೂ ಹೇಳಬೇಕಾಗಿಲ್ಲ.

ಆದರೆ ಸಾಹಿತ್ಯ ಕಮ್ಮಟವೆಂಬುದರ ಕೇಂದ್ರದಲ್ಲಿ ಸಹಜವಾಗಿಯೇ ಇರುವುದು ಕವಿತೆ, ಸಣ್ಣಕಥೆ, ವಿಮರ್ಶೆ, ಚಿತ್ರಪುಸ್ತಕವಲ್ಲ. ಮಕ್ಕಳ ಸಾಹಿತ್ಯವೆಂದೊಡನೆ ಪ್ರಾಸ ಕೂಡಿದ ಪದ್ಯ, ಕೊನೆಯಲ್ಲೊಂದು ನೀತಿ ಎಂಬ ನಿರೀಕ್ಷೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಹೆಸರು ಬೇಡ, ಒಂದು ಕಡೆ ನಾನು ಓದಿದ ಕಥೆಗೆ ಬಂದ ಏಕೈಕ ಪ್ರತಿಕ್ರಿಯೆ “ಇದರಿಂದ ಮಗು ಏನು ಕಲಿಯಿತು?” ಎಂಬುದಾಗಿತ್ತು, ಜೊತೆಗೆ ಬಂದಿದ್ದ ಚಿತ್ರಕಾರ ಗೆಳೆಯನಿಗೆ ವೇದಿಕೆಯ ಬ್ಯಾನರ್ ಬರೆದುಕೊಡುವಂತೆ ಕೇಳಿದರು. ಹಾಗಾಗಿ ಭಾಷೆಯ ಕಿವಿ ತಿದ್ದಿಕೊಳ್ಳಲು ಇಲ್ಲಿಗೆ ಬನ್ನಿ, ಪುಸ್ತಕದ ರಚನೆ ಕಲಿಯಲು ಬೇರೆಡೆಗೆ ಹೋಗಿ ಎಂಬುದು ನನ್ನ ಅಭಿಪ್ರಾಯ.

ಮುಂಬಯಿಯವರಿಗೆ ಮಾತ್ರ ಸಿಗುವ ಒಂದು ಅನುಕೂಲವನ್ನು ಇಲ್ಲಿ ಹೇಳಬೇಕು. ಚಿಣ್ಣರ ಬಿಂಬದಂಥ ಸಂಸ್ಥೆಯ ಶಿಬಿರಗಳಲ್ಲಿ ಕನ್ನಡವನ್ನು ಎರಡನೆಯದೋ ಮೂರನೆಯದೋ ಭಾಷೆಯಾಗಿ ಕಲಿಯುವ ಮಕ್ಕಳು ಸೇರುತ್ತಾರೆ. ಮಹಾನಗರಪಾಲಿಕೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮವೂ ಒಂದು. ಅನುಮತಿ ಪಡೆದು ಇಂಥ ಮಕ್ಕಳೆದುರು ಅರ್ಧ ಗಂಟೆ ಕಥೆ ಓದಿದರೆ, ಯಾವ ಪದದಲ್ಲಿ ಕಣ್ಣುಗಳು ಕಿಟಕಿಯ ಕಡೆಗೆ ಹೊರಳಿದವು ಎಂಬುದು ತಿಳಿಯುತ್ತದೆ. ಇದು ಕಮ್ಮಟವಲ್ಲದಿದ್ದರೂ ಹಲವು ಕಮ್ಮಟಗಳಿಗಿಂತ ಬೆಲೆಯುಳ್ಳದ್ದು.

ಎಸ್‌ಸಿಬಿಡಬ್ಲ್ಯುಐ ಭಾರತ ಶಾಖೆ

ಸೊಸೈಟಿ ಆಫ್ ಚಿಲ್ಡ್ರನ್ಸ್ ಬುಕ್ ರೈಟರ್ಸ್ ಅಂಡ್ ಇಲಸ್ಟ್ರೇಟರ್ಸ್ ಎಂಬುದು ಇದರ ಪೂರ್ಣ ಹೆಸರು. ಮಕ್ಕಳ ಪುಸ್ತಕದ ಬರಹಗಾರರಿಗೂ ಚಿತ್ರಕಾರರಿಗೂ ಎಂದೇ ಇರುವ ಅಂತರರಾಷ್ಟ್ರೀಯ ಸಂಘಟನೆ ಇದು. ಸ್ಟೀಫನ್ ಮೂಸರ್ ಮತ್ತು ಲಿನ್ ಆಲಿವರ್ 1971ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇದನ್ನು ಆರಂಭಿಸಿದರು. ಭಾರತಕ್ಕೆ ಪ್ರತ್ಯೇಕ ಪ್ರಾದೇಶಿಕ ಶಾಖೆಯಿದೆ. ಸದಸ್ಯರಾಗಲು ವರ್ಷಕ್ಕೊಮ್ಮೆ ಡಾಲರಿನ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಅದಕ್ಕೆ ಪ್ರತಿಯಾಗಿ ಸಿಗುವುದು ಪರಸ್ಪರ ವಿಮರ್ಶೆಯ ಗುಂಪುಗಳು, ಆನ್‌ಲೈನ್ ಗೋಷ್ಠಿಗಳು, ಚಿತ್ರಕಾರರು ತಮ್ಮ ಕೆಲಸವನ್ನು ಪ್ರದರ್ಶಿಸುವ ಅವಕಾಶ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಇದೇ ಹಾದಿಯಲ್ಲಿ ನಾಲ್ಕು ಹೆಜ್ಜೆ ಮುಂದಿರುವವರ ಸಹವಾಸ.

ನನ್ನ ಮೊದಲ ಅಳತೆಗೋಲಿನಲ್ಲಿ ಇದು ಎತ್ತರದಲ್ಲಿ ನಿಲ್ಲುತ್ತದೆ, ಏಕೆಂದರೆ ನಾಲ್ಕೈದು ಜನರ ವಿಮರ್ಶೆಯ ಗುಂಪಿನಲ್ಲಿ ಪ್ರತಿಯೊಬ್ಬರ ಪುಟಗಳೂ ಸರದಿಯ ಮೇಲೆ ಬರುತ್ತವೆ, ಒಮ್ಮೆಗೆ ಮುಗಿದುಹೋಗುವುದಿಲ್ಲ. ಮೂರನೆಯದರಲ್ಲೂ ಎತ್ತರದಲ್ಲಿದೆ, ಏಕೆಂದರೆ ಹೆಸರಿನಲ್ಲಿಯೇ ಬರಹಗಾರ ಚಿತ್ರಕಾರ ಇಬ್ಬರೂ ಇದ್ದಾರೆ. ಎಡವುವುದು ಎರಡನೆಯದರಲ್ಲಿ: ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾತ್ರ ಬರೆಯುವವರು ಸದಸ್ಯರಾದರೆ ಕಥೆಯ ಹಂದರ, ಪುಟಗಳ ಹಂಚಿಕೆ, ಪಾತ್ರದ ಆಸೆ ಇವುಗಳ ಬಗ್ಗೆ ಸಹಾಯ ಸಿಗುತ್ತದೆ. ವಾಕ್ಯದ ಬಗ್ಗೆ ಸಿಗುವುದಿಲ್ಲ. ಇಂಗ್ಲಿಷಿನಲ್ಲೂ ಬರೆಯುವ ಉದ್ದೇಶವಿದ್ದವರಿಗೆ, ಚಿತ್ರಕಾರರಿಗೆ ಈ ಶುಲ್ಕ ಸಾರ್ಥಕ. ಆದರೆ ಸದಸ್ಯತ್ವವನ್ನು ಜಿಮ್ಮಿನ ಸದಸ್ಯತ್ವದಂತೆ ತೆಗೆದುಕೊಂಡು ಸುಮ್ಮನಿರುವವರೂ ಬಹಳ. ಕೈಯಲ್ಲಿ ಒಂದು ಪೂರ್ಣ ಹಸ್ತಪ್ರತಿ, ಅಥವಾ ಒಂದೇ ಪಾತ್ರವನ್ನು ಬೇರೆ ಬೇರೆ ಭಂಗಿ, ಭಾವಗಳಲ್ಲಿ ತೋರಿಸುವ ಹತ್ತು ಚಿತ್ರಗಳು ಸಿದ್ಧವಾಗುವವರೆಗೆ ಕಾಯುವುದು ಲೇಸು.

ಸ್ಟೋರಿವೀವರ್: ಕೋಣೆಯಿಲ್ಲದ ಕಮ್ಮಟ

ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಆರಂಭವಾದ, ಲಾಭದ ಉದ್ದೇಶವಿಲ್ಲದ ಪ್ರಕಾಶನ. ಅದು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡವೂ ಸೇರಿದಂತೆ ನೂರಾರು ಭಾಷೆಗಳ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಓದುವುದಷ್ಟೇ ಅಲ್ಲ, ಅಲ್ಲಿರುವ ಪುಸ್ತಕವನ್ನು ಕನ್ನಡಕ್ಕೆ ಅನುವಾದಿಸಬಹುದು. ಅಲ್ಲಿನ ಚಿತ್ರಗಳನ್ನೇ ಬೇರೆ ಕ್ರಮದಲ್ಲಿ ಜೋಡಿಸಿ ನಿಮ್ಮದೇ ಕಥೆ ಬರೆದು ಪ್ರಕಟಿಸಬಹುದು. ಪುಸ್ತಕಗಳನ್ನು ನಾಲ್ಕು ಓದಿನ ಹಂತಗಳಾಗಿ ವಿಂಗಡಿಸಿರುವುದು ಬರೆಯುವವರಿಗೆ ದೊಡ್ಡ ಪಾಠ. ಮೊದಲ ಹಂತದ ಪುಸ್ತಕವೊಂದನ್ನು ಅನುವಾದಿಸಲು ಕೂತವರಿಗೆ, ಕನ್ನಡದಲ್ಲಿ ಒತ್ತಕ್ಷರವಿಲ್ಲದ, ಮೂರು ನಾಲ್ಕು ಪದಗಳ, ಆದರೂ ಜೀವವಿರುವ ವಾಕ್ಯ ಬರೆಯುವುದು ಎಷ್ಟು ಕಷ್ಟ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ‘ಅಮ್ಮ’, ‘ಅಜ್ಜ’, ‘ಬೆಕ್ಕು’, ‘ಹಣ್ಣು’ ಎಲ್ಲದರಲ್ಲೂ ಒತ್ತು ಇದೆಯಲ್ಲ!

ಇಲ್ಲಿ ವೆಚ್ಚ ಸೊನ್ನೆ, ಭಾಷೆ ನಿಮ್ಮದು, ಕೆಲಸ ಮುಗಿದಾಗ ಕೈಯಲ್ಲೊಂದು ಪುಸ್ತಕವಿರುತ್ತದೆ. ಇಲ್ಲದಿರುವುದು ಪಕ್ಕದಲ್ಲಿ ಕೂತು ಹೆಬ್ಬೆರಳಿಡುವವರು ಮಾತ್ರ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅಲ್ಲಿ ಪ್ರಕಟವಾಗುವುದು ಸಾಮಾನ್ಯವಾಗಿ ಕ್ರಿಯೇಟಿವ್ ಕಾಮನ್ಸ್‌ನ ಮುಕ್ತ ಪರವಾನಗಿಯಲ್ಲಿ. ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಅದನ್ನು ಮರುಮುದ್ರಿಸಬಹುದು, ಬದಲಾಯಿಸಬಹುದು, ಮಾರಲೂಬಹುದು. ಒಮ್ಮೆ ಕೊಟ್ಟ ಅನುಮತಿ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಅಭ್ಯಾಸದ ಕಥೆಗಳನ್ನು ಅಲ್ಲಿ ಹಾಕಿ, ಪ್ರಕಾಶಕರಿಗೆ ಕೊಡಬೇಕೆಂದಿರುವ ಕಥೆಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಡೊಂಬಿವಲಿಯ ಮಿತ್ರರು ಹನ್ನೆರಡನ್ನೂ ಒಂದೇ ವಾರದಲ್ಲಿ ಹಾಕಿಬಿಡಲು ಹೊರಟಿದ್ದರು. ಪುಣ್ಯಕ್ಕೆ ಅದಕ್ಕೆ ಮುನ್ನ ಫೋನ್ ಮಾಡಿದರು.

ದೆಹಲಿಯ ಸಂಸ್ಥೆಗಳು, ಉತ್ಸವಗಳು

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು 1993ರಿಂದ ಅದರ ಅಡಿಯಲ್ಲಿರುವ ರಾಷ್ಟ್ರೀಯ ಮಕ್ಕಳ ಸಾಹಿತ್ಯ ಕೇಂದ್ರ, ಬರಹಗಾರರನ್ನೂ ಚಿತ್ರಕಾರರನ್ನೂ ಕೂರಿಸಿ ಕಮ್ಮಟಗಳನ್ನು ನಡೆಸುತ್ತವೆ. ವ್ಯಂಗ್ಯಚಿತ್ರಕಾರ ಶಂಕರ್ 1981ರಲ್ಲಿ ಕಟ್ಟಿದ ಎಡಬ್ಲ್ಯುಐಸಿ ಕೂಡ ಮಕ್ಕಳ ಬರಹಗಾರರ ಮತ್ತು ಚಿತ್ರಕಾರರ ಸಂಘವೇ. ಸ್ವರೂಪದಲ್ಲಿ ಇವು ಒಳ್ಳೆಯವು, ಆದರೆ ದೂರ. ಆಹ್ವಾನ ಬಂದರೆ ಹೋಗಿ, ಆಹ್ವಾನಕ್ಕಾಗಿ ಕಾಯುತ್ತ ಕೂರಬೇಡಿ. ಸಾಹಿತ್ಯ ಅಕಾಡೆಮಿಯ ಪ್ರಾದೇಶಿಕ ಕಚೇರಿ ದಾದರ್‌ನಲ್ಲಿಯೇ ಇದೆ. ಅಕಾಡೆಮಿ 2010ರಿಂದ ಕನ್ನಡಕ್ಕೂ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಅದು ನಡೆಸುವ ಗೋಷ್ಠಿಗಳು ಕೇಳಲು ಚೆನ್ನ, ಅಲ್ಲಿ ಪುಟ ತಿದ್ದಿಸಿಕೊಳ್ಳುವ ನಿರೀಕ್ಷೆ ಬೇಡ.

ಉತ್ಸವಗಳದ್ದು ಬೇರೆಯೇ ಜಾತಿ. 2008ರಲ್ಲಿ ದೆಹಲಿಯಲ್ಲಿ ಹುಟ್ಟಿದ ಮಕ್ಕಳ ಸಾಹಿತ್ಯೋತ್ಸವ ಬುಕಾರೂ ಪುಣೆಗೂ ಬಂದಿದೆ. ಮುಂಬಯಿಯ ಕಾಲಾ ಘೋಡಾ ಉತ್ಸವ 1999ರಿಂದ ನಡೆಯುತ್ತಿದ್ದು, ಅದರಲ್ಲಿ ಮಕ್ಕಳ ವಿಭಾಗವೂ ಇದೆ. ಗೋವಾದ ಕಲೆ ಮತ್ತು ಸಾಹಿತ್ಯ ಉತ್ಸವ 2010ರಲ್ಲಿ ಶುರುವಾದದ್ದು. ಇಲ್ಲಿನ ಕಾರ್ಯಾಗಾರಗಳು ಬಹುಪಾಲು ಮಕ್ಕಳಿಗಾಗಿ ಇರುವಂಥವು, ಮಕ್ಕಳಿಗಾಗಿ ಬರೆಯುವವರಿಗಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ‘ವಯಸ್ಸು 6ರಿಂದ 9’ ಎಂಬುದನ್ನು ಗಮನಿಸದೆ ಸರದಿಯಲ್ಲಿ ನಿಂತ ದೊಡ್ಡವರನ್ನು ನಾನು ನೋಡಿದ್ದೇನೆ. ಆದರೂ ಒಮ್ಮೆ ಹೋಗಬೇಕು. ಒಳ್ಳೆಯ ಕಥೆಗಾರರು ಮಕ್ಕಳ ಗುಂಪನ್ನು ಹೇಗೆ ಹಿಡಿದಿಡುತ್ತಾರೆ ಎಂಬುದನ್ನು ಹಿಂದಿನ ಸಾಲಿನಲ್ಲಿ ನಿಂತು ನೋಡಬೇಕು. ಗೋಷ್ಠಿ ಮುಗಿಸಿ ಬೆವರೊರೆಸಿಕೊಳ್ಳುತ್ತಿರುವ ಸಂಪಾದಕರ ಕೈಗೆ ಹಸ್ತಪ್ರತಿ ತುರುಕಬೇಡಿ. ಚಿತ್ರಕಾರರಾದರೆ ನಿಮ್ಮ ಒಂದೇ ಚಿತ್ರವಿರುವ, ಹಿಂದೆ ಮಿಂಚಂಚೆ ಬರೆದಿರುವ ಅಂಚೆಕಾರ್ಡಿನಷ್ಟರ ಮುದ್ರಿತ ಪ್ರತಿ ಕೊಡಿ, ಸಾಕು.

ಪುಣೆಯವರು ಮರೆಯುವ ನೆರೆಮನೆ, ಗೋವಾದವರ ಗ್ರಂಥಾಲಯ

ಪುಣೆಯಲ್ಲಿರುವ ಕನ್ನಡದ ಚಿತ್ರಕಾರರು ಬೆಂಗಳೂರಿನ ಕಡೆಗೋ ದೆಹಲಿಯ ಕಡೆಗೋ ನೋಡುತ್ತಾರೆ, ಪಕ್ಕದ ಮರಾಠಿಯನ್ನು ನೋಡುವುದಿಲ್ಲ ಎಂಬುದು ನನ್ನ ಹಳೆಯ ದೂರು. ಮರಾಠಿಯಲ್ಲಿ ಚಿತ್ರಪುಸ್ತಕದ ಗಟ್ಟಿಯಾದ ಪರಂಪರೆಯಿದೆ. ಜ್ಯೋತ್ಸ್ನಾ ಪ್ರಕಾಶನದಂಥ ಪ್ರಕಾಶಕರು ಈ ಸೀಮೆಯಲ್ಲಿಯೇ ಇದ್ದಾರೆ. ಟಾಟಾ ಟ್ರಸ್ಟ್ಸ್‌ನ ಪರಾಗ್ ಉಪಕ್ರಮ ಮಕ್ಕಳ ಸಾಹಿತ್ಯಕ್ಕಾಗಿ ಕೊಡುವ ಬಿಗ್ ಲಿಟಲ್ ಬುಕ್ ಪ್ರಶಸ್ತಿ ಲೇಖಕರ ವಿಭಾಗದಲ್ಲಿ ಮೊದಲು ಸಂದದ್ದು ಬರೆಯುವ, ಚಿತ್ರಿಸುವ ಎರಡೂ ಕೆಲಸ ಮಾಡುವ ಮರಾಠಿಯ ಮಾಧುರಿ ಪುರಂದರೆಯವರಿಗೆ. ಚಿತ್ರಕ್ಕೆ ಅನುವಾದ ಬೇಡ. ಧಾರವಾಡದಿಂದ ಬಂದವರಿಗೆ ಮರಾಠಿ ಕಿವಿಗೆ ಹೊಸದೂ ಅಲ್ಲ. ಮರಾಠಿಯ ಮಕ್ಕಳ ಪುಸ್ತಕದ ಗೋಷ್ಠಿಯೊಂದಕ್ಕೆ ಹೋಗಿ ಬಂದರೆ ಬಸ್ಸಿನ ಚೀಟಿಯಷ್ಟೇ ಖರ್ಚು.

ಚಿತ್ರಕಾರರ ದೀರ್ಘ ಕೋರ್ಸುಗಳ ಬಗ್ಗೆ ಎರಡೇ ಮಾತು. ಪೊವಾಯಿಯ ಐಐಟಿಯಲ್ಲಿರುವ, 1969ರಲ್ಲಿ ಆರಂಭವಾದ ಐಡಿಸಿಯಂಥ ವಿನ್ಯಾಸ ಶಾಲೆ ಪ್ರವೇಶ ಪರೀಕ್ಷೆ, ಪೂರ್ಣಾವಧಿ ಓದು ಎರಡನ್ನೂ ಬೇಡುತ್ತದೆ. ಇಪ್ಪತ್ತೆರಡರ ವಯಸ್ಸಿನವರಿಗೆ ಅದು ಜೀವನದ ನಿರ್ಧಾರ, ಗೃಹಸಾಲದ ಕಂತು ಕಟ್ಟುತ್ತಿರುವವರಿಗೆ ಅದು ಆಯ್ಕೆಯೇ ಅಲ್ಲ.

ಗೋವಾದಲ್ಲಿರುವವರಿಗೆ ಪಣಜಿಯ ಬುಕ್‌ವರ್ಮ್ ಇದೆ. 2005ರಲ್ಲಿ ಆರಂಭವಾದ ಈ ಸಂಸ್ಥೆ ಮಕ್ಕಳ ಗ್ರಂಥಾಲಯ ನಡೆಸುತ್ತದೆ, ಶಾಲೆಗಳಿಗೆ, ಬಡಾವಣೆಗಳಿಗೆ ಪುಸ್ತಕ ಒಯ್ಯುತ್ತದೆ, ಗ್ರಂಥಾಲಯ ಶಿಕ್ಷಕರ ತರಬೇತಿಯಲ್ಲೂ ತೊಡಗಿದೆ. ಇದು ಬರೆಯುವ ಕಮ್ಮಟವಲ್ಲ. ಆದರೆ ಮಕ್ಕಳು ಪುಸ್ತಕವನ್ನು ಹೇಗೆ ಹಿಡಿಯುತ್ತಾರೆ, ಯಾವ ಪುಟವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡುತ್ತಾರೆ ಎಂಬುದನ್ನು ಬಲ್ಲವರ ನಡುವೆ ಒಂದು ಮಧ್ಯಾಹ್ನ ಕಳೆಯುವುದು ಶಿಕ್ಷಕಿಯೊಬ್ಬರಿಗೆ ಮುಂಬಯಿಯ ಹೋಟೆಲ್ ಸಭಾಂಗಣಕ್ಕಿಂತ ಹೆಚ್ಚು ಉಪಯುಕ್ತ. ಅಲ್ಲಿನ ಭಾಷೆ ಮುಖ್ಯವಾಗಿ ಇಂಗ್ಲಿಷ್ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನೆಯ ಮೇಜು

ಬಜೆಟ್ಟು ಚಿಕ್ಕದಿರುವವರಿಗೆ ನಾನು ಹೆಚ್ಚಾಗಿ ಹೇಳುವುದು ನಾಲ್ಕು ಜನರ ತಿಂಗಳ ಕೂಟವನ್ನು. ಇಬ್ಬರು ಬರೆಯುವವರು, ಒಬ್ಬರು ಚಿತ್ರಕಾರರು, ಒಬ್ಬರು ಮಕ್ಕಳೊಡನೆ ದಿನವೂ ಇರುವವರು, ಇಷ್ಟು ಸಾಕು. ಎಂಟು ಎ4 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಿಸಿದರೆ ಮೂವತ್ತೆರಡು ಪುಟದ ಪುಸ್ತಕವಾಗುತ್ತದೆ. ಹೆಚ್ಚಿನ ಚಿತ್ರಪುಸ್ತಕಗಳ ಅಳತೆ ಅದೇ, ಏಕೆಂದರೆ ಮುದ್ರಣದ ದೊಡ್ಡ ಹಾಳೆಗಳು ಹದಿನಾರರ ಮಡಿಕೆಯಲ್ಲಿ ಬರುತ್ತವೆ. ಪ್ರತಿಯೊಬ್ಬರೂ ಪೆನ್ಸಿಲಿನಲ್ಲಿ ಗೀಚಿದ ಇಂಥ ಮಾದರಿಯೊಂದನ್ನು ತರಬೇಕು, ಲೇಖಕರು ತಮ್ಮದನ್ನು ತಾವೇ ಓದಬಾರದು, ಬೇರೆಯವರು ಓದುವಾಗ ವಿವರಣೆ ಕೊಡಬಾರದು ಎಂಬ ಮೂರು ನಿಯಮಗಳನ್ನು ಇಟ್ಟುಕೊಂಡರೆ ಜಗಳವಿಲ್ಲದೆ ನಡೆಯುತ್ತದೆ.

ಕನ್ನಡದ ಪುಟಕ್ಕೇ ಸೇರಿದ ತಪ್ಪುಗಳು ಕಣ್ಣಿಗೆ ಬೀಳುವುದೂ ಇಂಥ ಕೂಟದಲ್ಲಿಯೇ. ನಮ್ಮ ಕೂಟದ ಚಿತ್ರಕಾರ ಇಂಗ್ಲಿಷ್ ಪುಸ್ತಕದ ವಿನ್ಯಾಸವನ್ನೇ ಎರವಲು ಪಡೆದು ‘ಅಜ್ಜಿ ಮಜ್ಜಿಗೆ ಕಡೆದಳು’ ಎಂಬುದರ ಕೆಳಗೆ ಎರಡನೆಯ ಸಾಲು ಕೂರಿಸಿದ್ದ. ಮೇಲಿನ ಸಾಲಿನ ಜ ಒತ್ತುಗಳು ಇಳಿದು ಬಂದು ಕೆಳಗಿನ ‘ಗಿಣಿ’ಯ ಗುಡಿಸಿಗೆ ತಾಗಿ, ಓದಲು ಕಲಿಯುತ್ತಿರುವ ಮಗುವಿಗೆ ಅದು ಯಾವ ಅಕ್ಷರವೆಂದೇ ತಿಳಿಯುವಂತಿರಲಿಲ್ಲ. ಕನ್ನಡಕ್ಕೆ ಸಾಲಿನ ಅಂತರ ಹೆಚ್ಚು ಬೇಕು, ಅಂದರೆ ಚಿತ್ರದಲ್ಲಿ ಬರಹಕ್ಕೆ ಬಿಡುವ ಜಾಗವೂ ಹೆಚ್ಚು ಬೇಕು. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಹಾಕದಿದ್ದರೆ ಒತ್ತು ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ. ಇದನ್ನು ಕಲಿಸಿದ ಕಮ್ಮಟವೊಂದನ್ನೂ ನಾನು ಈವರೆಗೆ ಕಂಡಿಲ್ಲ.

ಕೂಟದಲ್ಲಿ ಸಿಗದಿರುವುದು ಪ್ರಕಾಶಕರ ಪರಿಚಯ ಮತ್ತು ಒಪ್ಪಂದದ ತಿಳಿವಳಿಕೆ. ಎರಡನೆಯದಕ್ಕಾಗಿ ಒಂದು ದಿನದ ಗೋಷ್ಠಿಗೆ ಹಣ ಕೊಡುವುದು, ವಿಶೇಷವಾಗಿ ಚಿತ್ರಕಾರರಿಗೆ, ತಪ್ಪಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ಬರೆದ ವರ್ಣಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟವರೇ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರವೆಂದೂ ಕಾಯಿದೆ ಹೇಳುತ್ತದೆ. ಈ ಮೂರು ಸಂಗತಿಗಳನ್ನು ತಿಳಿಯದೆ ಸಹಿ ಹಾಕಿದವರ ನಷ್ಟದ ಮುಂದೆ ಕಮ್ಮಟದ ಶುಲ್ಕ ಏನೇನೂ ಅಲ್ಲ.

ಮೂವರು ಆರಿಸಿಕೊಂಡದ್ದು

ಡೊಂಬಿವಲಿಯವರಿಗೆ ನಾನು ಹೇಳಿದ್ದು, ಈ ವರ್ಷ ಹಣ ಕಟ್ಟುವ ಯಾವ ಕಮ್ಮಟವೂ ಬೇಡ ಎಂದು. ಸ್ಟೋರಿವೀವರ್‌ನಲ್ಲಿ ಎರಡನೆಯ ಹಂತದ ಮೂರು ಪುಸ್ತಕ ಅನುವಾದಿಸುವುದು, ಆಮೇಲೆ ಹನ್ನೆರಡರಲ್ಲಿ ಒಂದನ್ನು ಆರಿಸಿ ಮಾಟುಂಗದ ನಮ್ಮ ಕೂಟಕ್ಕೆ ತರುವುದು. ಅವರು ಒಪ್ಪಿದರು, ಆದರೆ ಊರಲ್ಲಿ ಎಲ್ಲೇ ಕಮ್ಮಟ ನಡೆದರೂ ಹೋಗಿಬರುವುದನ್ನು ಬಿಟ್ಟಿಲ್ಲ, ಊಟ ಚೆನ್ನಾಗಿರುತ್ತದಂತೆ. ಪುಣೆಯ ಕಲಾವಿದೆ ಎಸ್‌ಸಿಬಿಡಬ್ಲ್ಯುಐಗೆ ಒಂದು ವರ್ಷದ ಮಟ್ಟಿಗೆ ಸೇರಿದ್ದಾರೆ. ಸೇರುವ ಮೊದಲು ಜಾಹೀರಾತಿನ ಚಿತ್ರಗಳನ್ನೆಲ್ಲ ಪೋರ್ಟ್‌ಫೋಲಿಯೊದಿಂದ ತೆಗೆದು, ಒಬ್ಬಳೇ ಹುಡುಗಿ ಸಂತೆಯಲ್ಲಿ ಕಳೆದುಹೋಗಿ ಸಿಗುವವರೆಗಿನ ಹತ್ತು ಚಿತ್ರಗಳನ್ನು ಬರೆದುಕೊಂಡರು.

ವಾಸ್ಕೊದ ಶಿಕ್ಷಕಿಗೆ ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ, ಜನವರಿಯಲ್ಲಿ ತಪಾಸಣೆ. ಯಾವ ಕಮ್ಮಟಕ್ಕೂ ರಜೆ ಸಿಗುವಂತಿರಲಿಲ್ಲ. ತರಗತಿಯಲ್ಲಿ ಕಥೆ ಹೇಳುವಾಗ ಫೋನನ್ನು ಮೇಜಿನ ಮೇಲಿಟ್ಟು ದನಿ ಮುದ್ರಿಸಿಕೊಳ್ಳಿ ಎಂದೆ. ಹನ್ನೊಂದು ನಿಮಿಷದ ಮುದ್ರಿಕೆ ಕಳುಹಿಸಿದರು. ಮಕ್ಕಳು “ಆಮೇಲ?” ಎಂದು ಕೂಗಿದ ಕಡೆಗಳನ್ನು ನಾನು ಎಣಿಸಿದೆ, ಹದಿನೇಳು ಬಂದವು. ಒಂದೊಂದು “ಆಮೇಲ?”ಗೂ ಪುಟ ತಿರುಗಿಸುವ ಒಂದೊಂದು ಜಾಗ ಬೇಕು, ಆದರೆ ಮೂವತ್ತೆರಡು ಪುಟಗಳಲ್ಲಿ ಶೀರ್ಷಿಕೆ ಮೊದಲಾದವುಗಳನ್ನು ಬಿಟ್ಟರೆ ಅಂಥ ಹದಿಮೂರು ಹದಿನಾಲ್ಕು ಜಾಗಗಳಷ್ಟೇ ಉಳಿಯುತ್ತವೆ. ಯಾವ ಮೂರು ನಾಲ್ಕನ್ನು ಬಿಡುವುದು ಎಂದು ಅವರೀಗ ಎಂಟು ಹಾಳೆ ಮಡಿಸಿಕೊಂಡು ಕೂತಿದ್ದಾರೆ.